ಹೊಸ ರ‍್ಯಾಮ್ ಹಾಕಿದರೆ ಒಮ್ಮೆ ಕಪ್ಪು ಪರದೆ, ಒಮ್ಮೆ ನೀಲಿ ಪರದೆ: ತಪ್ಪು ಯಾವುದರದ್ದು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿಯ ಒಂದು ಡಿಡಿಆರ್4-2666 ರ‍್ಯಾಮ್ ಇತ್ತು, ಪಕ್ಕದ ಸ್ಲಾಟ್ ಖಾಲಿ ಇತ್ತು. ಅದಕ್ಕೆ 8 ಜಿಬಿಯ ಡಿಡಿಆರ್4-3200 ತಂದು ನಾನೇ ಹಾಕಿದೆ. ಮೊದಲ ಸಲ ಫ್ಯಾನ್ ತಿರುಗಿತು, ದೀಪ ಹೊತ್ತಿತು, ಪರದೆ ಮಾತ್ರ ಕಪ್ಪು. ಬಿಚ್ಚಿ ಮತ್ತೆ ಹಾಕಿದಾಗ ವಿಂಡೋಸ್ ಬಂತು, ಆದರೆ 8 ಜಿಬಿ ಅಂತಲೇ ತೋರಿಸಿತು. ಮೂರನೇ ಸಲ 16 ಜಿಬಿ ಬಂತು. ಸ್ವಲ್ಪ ಹೊತ್ತು ಕೆಲಸ ಮಾಡುವಷ್ಟರಲ್ಲಿ ನೀಲಿ ಪರದೆ ಬಂದು ರೀಸ್ಟಾರ್ಟ್ ಆಯಿತು. ಹೊಸದನ್ನು ತೆಗೆದರೆ ಎಲ್ಲ ಸರಿ. ಅಂಗಡಿಯವರು ಅದನ್ನು ತಮ್ಮ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ ಚೆನ್ನಾಗಿಯೇ ಇದೆ ಅಂದರು. ಎರಡರ ವೇಗ ಬೇರೆ ಇರುವುದರಿಂದ ಹೀಗಾಗುತ್ತಿದೆಯೇ? ರ‍್ಯಾಮ್ ಕೆಟ್ಟಿದೆಯೇ, ಸ್ಲಾಟ್ ಕೆಟ್ಟಿದೆಯೇ?

ಉತ್ತರ: ಹೊಸ ರ‍್ಯಾಮನ್ನು ಈಗಲೇ ವಾಪಸ್ ಕೊಡಬೇಡಿ, ಇನ್ನೊಂದನ್ನು ಕೊಳ್ಳಲೂ ಬೇಡಿ. ನೀವು ಹೇಳಿದ ಮೂರು ಲಕ್ಷಣಗಳೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಸ್ಟಿಕ್, ಅಂದರೆ ನೀವು ತಂದ ಮೆಮೊರಿ ಪಟ್ಟಿ, ಸ್ಲಾಟಿನೊಳಗೆ ಪೂರ್ತಿ ಕೂತಿಲ್ಲ, ಇಲ್ಲವೇ ಸ್ಲಾಟಿನ ಒಂದೆರಡು ಪಿನ್‌ಗಳು ಸರಿಯಾಗಿ ತಾಗುತ್ತಿಲ್ಲ. ಚಿಪ್ಪೇ ಕೆಟ್ಟಿದ್ದರೆ ಸಾಮಾನ್ಯವಾಗಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಥರ ಕೈಕೊಡುತ್ತದೆ. ಬಿಚ್ಚಿ ಹಾಕಿದಾಗಲೆಲ್ಲ ಲಕ್ಷಣ ಬದಲಾಗುತ್ತಿದೆ ಅಂದರೆ ಮೊದಲ ಅನುಮಾನ ಸಂಪರ್ಕದ ಮೇಲೆ ಹೋಗಬೇಕು.

ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಗೊತ್ತಾದರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಲ್ಯಾಪ್‌ಟಾಪಿನ ಡಿಡಿಆರ್4 ಸ್ಟಿಕ್‌ಗೆ 260 ಸಂಪರ್ಕಗಳಿವೆ, ಒಂದರಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್ ಅಂತರ. ಅಷ್ಟರಲ್ಲಿ ಕೆಲವು ವಿದ್ಯುತ್ತಿಗೆ, ಕೆಲವು ಗ್ರೌಂಡಿಗೆ, 64 ದತ್ತಾಂಶಕ್ಕೆ, ಉಳಿದವು ವಿಳಾಸ, ಆದೇಶ, ಕ್ಲಾಕ್ ಇತ್ಯಾದಿಗೆ. ಸ್ಟಿಕ್ ಮೇಲೆ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಒಂದಿರುತ್ತದೆ. 'ನಾನು ಇಷ್ಟು ಜಿಬಿ, ಇಷ್ಟು ವೇಗ' ಎಂಬ ವಿವರ ಅದರಲ್ಲಿದೆ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಬಯೋಸ್ (ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಎರಡು ತಂತಿಗಳ ಮೂಲಕ ಆ ವಿವರ ಓದುತ್ತದೆ. ಆ ಸಂಪರ್ಕ ತಪ್ಪಿದರೆ ಬಯೋಸ್ ಪಾಲಿಗೆ ಸ್ಲಾಟ್ ಖಾಲಿ, ನಿಮಗೆ ಕಾಣುವುದು 8 ಜಿಬಿ. ವಿವರ ಓದಲು ಸಿಕ್ಕಿತು, ಆದರೆ ಕ್ಲಾಕಿನದೋ ವಿಳಾಸದ್ದೋ ಒಂದು ಗೆರೆ ತಾಗಲಿಲ್ಲ ಅಂದರೆ ಮೆಮೊರಿ ಎಚ್ಚರಗೊಳ್ಳುವುದೇ ಇಲ್ಲ, ಪರದೆ ಕಪ್ಪು. ಎಲ್ಲ ತಾಗಿ, ಒಂದು ದತ್ತಾಂಶದ ಗೆರೆ ಮಾತ್ರ ತಾಗಿಯೂ ತಾಗದಂತಿದ್ದರೆ 16 ಜಿಬಿ ಬರುತ್ತದೆ, ಬಿಸಿಯಾದ ಮೇಲೆ ಎಲ್ಲೋ ಒಂದು ಬಿಟ್ ತಪ್ಪಿ ನೀಲಿ ಪರದೆ ಬರುತ್ತದೆ. ಮೂರು ಬೇರೆ ಬೇರೆ ರೋಗದಂತೆ ಕಾಣುವುದು ಹೀಗೆ ಒಂದೇ ಮೂಲದಿಂದ ಬರಬಹುದು.

ವೇಗದ ವ್ಯತ್ಯಾಸದ ಬಗ್ಗೆ ಚಿಂತೆ ಬಿಡಿ. ಬಯೋಸ್ ಎರಡೂ ಸ್ಟಿಕ್‌ಗಳ ವಿವರ ಓದಿ ಎರಡಕ್ಕೂ ಒಗ್ಗುವ ವೇಗಕ್ಕೆ ಇಳಿಸಿಕೊಳ್ಳುತ್ತದೆ. ನಿಮ್ಮಲ್ಲಿ ಎರಡೂ 2666ಕ್ಕೆ ಓಡಬೇಕು. ಸಿಪಿಯು-ಝಡ್ ತಂತ್ರಾಂಶದಲ್ಲಿ ನೋಡಿದರೆ ಅದು 1333 ಎಂದು ತೋರಿಸುತ್ತದೆ. ಅರ್ಧ ವೇಗಕ್ಕೆ ಬಿದ್ದಿದೆ ಎಂದು ಗಾಬರಿಯಾಗಬೇಡಿ. ಡಿಡಿಆರ್‌ನಲ್ಲಿ ಪ್ರತಿ ಕ್ಲಾಕಿಗೆ ಎರಡು ಸಲ ದತ್ತಾಂಶ ಹೋಗುತ್ತದೆ, ಆದ್ದರಿಂದ 1333 ಅಂದರೆ 2666 ಅಂತಲೇ ಅರ್ಥ.

ಇನ್ನು ಅಂಗಡಿಯವರ ಪರೀಕ್ಷೆ. ಇನ್ನೊಂದು ಯಂತ್ರದಲ್ಲಿ ವಿಂಡೋಸ್ ಬಂತು ಅನ್ನುವುದು ಸ್ಟಿಕ್ ಸತ್ತಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ. ವಿಂಡೋಸ್ ಆನ್ ಆಗಿ ಸುಮ್ಮನೆ ನಿಂತಾಗ ಮೆಮೊರಿಯ ಬಹುಭಾಗ ಖಾಲಿಯೇ ಇರುತ್ತದೆ. ಆ ಭಾಗದಲ್ಲಿ ದೋಷವಿದ್ದರೆ ಗೊತ್ತೇ ಆಗುವುದಿಲ್ಲ. ಸರಿಯಾದ ಪರೀಕ್ಷೆ ಹೇಗೆಂದು ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ಹೊಸ ಸ್ಟಿಕ್ ಹಾಕಿಕೊಂಡು ಮುಖ್ಯ ಕೆಲಸ ಮಾಡಬೇಡಿ, ವಿಂಡೋಸ್ ಅಪ್‌ಡೇಟನ್ನಂತೂ ಮಾಡಲೇಬೇಡಿ. ಮೆಮೊರಿಯಲ್ಲಿ ತಪ್ಪಿದ ಬಿಟ್ ಡಿಸ್ಕಿಗೆ ಬರೆದುಹೋದರೆ ಕಡತ ಸದ್ದಿಲ್ಲದೆ ಕೆಡುತ್ತದೆ. ನೀಲಿ ಪರದೆಯಾದರೂ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಮೊದಲು ಹಳೆಯ ರ‍್ಯಾಮ್ ಒಂದರಲ್ಲೇ ಆನ್ ಮಾಡಿ ಬ್ಯಾಕಪ್ ತೆಗೆದಿಡಿ.

ಲೇಬಲ್ ಓದಿ

ಸ್ಟಿಕ್ ಮೇಲಿನ ಚೀಟಿಯಲ್ಲಿ '8ಜಿಬಿ 1ಆರ್×8 ಪಿಸಿ4-3200ಎಎ-ಎಸ್' ಎಂಬಂಥ ಸಾಲು ಇರುತ್ತದೆ. ಪಿಸಿ4 ಅಂದರೆ ಡಿಡಿಆರ್4. ಕೆಲವರು ವೇಗದ ಬದಲು ಪಿಸಿ4-25600 ಎಂದು ಬರೆಯುತ್ತಾರೆ. 3200 ಅನ್ನು 8ರಿಂದ ಗುಣಿಸಿದರೆ ಬರುವ ಸಂಖ್ಯೆ ಅದು, ಸೆಕೆಂಡಿಗೆ ಎಷ್ಟು ಮೆಗಾಬೈಟ್ ಎಂಬ ಲೆಕ್ಕ. 2666ಕ್ಕೆ 21300 ಎಂದಿರುತ್ತದೆ. 1ಆರ್ ಅಂದರೆ ಒಟ್ಟಿಗೆ 64 ಬಿಟ್ ಕೊಡುವ ಚಿಪ್‌ಗಳ ಒಂದು ಗುಂಪು, ಅಂದರೆ ಒಂದು ರ‍್ಯಾಂಕ್. ×8 ಅಂದರೆ ಒಂದೊಂದು ಚಿಪ್ 8 ಬಿಟ್ ಅಗಲ, ಒಟ್ಟು 64 ಬಿಟ್‌ಗೆ ಎಂಟು ಚಿಪ್. ಲೇಬಲ್‌ನಲ್ಲಿ 1ಆರ್×16 ಎಂದಿದ್ದು ನಾಲ್ಕೇ ಚಿಪ್ ಕಂಡರೆ ಅದು ನಕಲಿ ಅಂತಲ್ಲ, ಚಿಪ್‌ಗಳ ಜೋಡಣೆ ಬೇರೆ ಅಷ್ಟೆ. ಆ ಬಗೆಯ ಸ್ಟಿಕ್‌ನೊಳಗೆ ಬ್ಯಾಂಕ್‌ಗಳು (ಚಿಪ್ಪಿನೊಳಗಿನ ಮೆಮೊರಿ ವಿಭಾಗಗಳು) ಅರ್ಧದಷ್ಟೇ ಇರುವುದರಿಂದ ಸ್ವಲ್ಪ ನಿಧಾನ. ಕೊಳ್ಳುವಾಗ ಎರಡೂ ಸಿಗುವುದಾದರೆ ×8 ಆರಿಸಿ.

ಹೊಂದದ ಜಾತಿಯ ರ‍್ಯಾಮ್ ತಂದಿದ್ದರೆ ಬೇರೆ ಮಾತು. ಡಿಡಿಆರ್3ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ಅಂಚಿನಲ್ಲಿರುವ ಕಚ್ಚಿನ ಜಾಗವೂ ಬೇರೆ ಬೇರೆ. ಹಾಗಾಗಿ ಒಂದರ ಸ್ಲಾಟಿಗೆ ಇನ್ನೊಂದು ಹೋಗುವುದೇ ಇಲ್ಲ, ಬಲವಂತ ಮಾಡಿದರೆ ಸ್ಲಾಟ್ ಮುರಿಯುತ್ತದೆ. ಕಣ್ಣಿಗೆ ಕಾಣದ ಬಲೆ ಇರುವುದು ಡಿಡಿಆರ್3ರಲ್ಲಿ. 1.5 ವೋಲ್ಟಿನ ಮಾಮೂಲಿ ಸ್ಟಿಕ್ಕೂ 1.35 ವೋಲ್ಟಿನ ಡಿಡಿಆರ್3ಎಲ್ ಕೂಡ ಒಂದೇ ಸ್ಲಾಟಿಗೆ ಕೂರುತ್ತವೆ, ಆದರೆ ಕಡಿಮೆ ವೋಲ್ಟೇಜ್ ಬಯಸುವ ಲ್ಯಾಪ್‌ಟಾಪ್ ಮಾಮೂಲಿ ಸ್ಟಿಕ್ ಹಾಕಿದರೆ ಆನ್ ಆಗುವುದಿಲ್ಲ. ಡಿಡಿಆರ್4ರಲ್ಲಿ ಮಾಮೂಲಿ ವೋಲ್ಟೇಜ್ 1.2 ಒಂದೇ ಆದ್ದರಿಂದ ಆ ತೊಂದರೆ ಇಲ್ಲ. ಗೇಮಿಂಗ್‌ಗೆಂದು ಮಾರುವ, ಎಕ್ಸ್‌ಎಂಪಿ (ಹೆಚ್ಚಿನ ವೇಗದ ಸಿದ್ಧ ಸೆಟ್ಟಿಂಗ್) ಎಂದು ಬರೆದ ಸ್ಟಿಕ್ ಆಗಿದ್ದರೆ, ಆ ಸೌಲಭ್ಯವಿಲ್ಲದ ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಮೇಲೆ ಬರೆದ ವೇಗ ಬರುವುದಿಲ್ಲ. ಸರ್ವರ್‌ಗಳಿಗೆ ಬಳಸುವ, ಬಿಟ್ ತಪ್ಪಿದರೆ ತಿದ್ದಿಕೊಳ್ಳುವ ಇಸಿಸಿ ಸ್ಟಿಕ್ಕನ್ನು ಬಹುತೇಕ ಲ್ಯಾಪ್‌ಟಾಪ್‌ಗಳು ಒಪ್ಪುವುದಿಲ್ಲ. ×8 ಆಗಿದ್ದರೆ ಅದರಲ್ಲಿ ಎಂಟರ ಬದಲು ಒಂಬತ್ತು ಮೆಮೊರಿ ಚಿಪ್ ಇರುತ್ತವೆ, ಎಣಿಸಿದರೆ ಗೊತ್ತಾಗುತ್ತದೆ.

ಬಿಚ್ಚುವ ಮುಂಚೆ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ಯಂತ್ರ ಪೂರ್ತಿ ಮುಗಿಸುವುದಿಲ್ಲ. ವಿಂಡೋಸ್‌ನ ತಿರುಳಾದ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ನಡುವೆ ಮೆಮೊರಿಯ ಗಾತ್ರ ಬದಲಾದರೆ ಎಡವಟ್ಟಾಗಬಹುದು. ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಿದರೆ ಪೂರ್ತಿ ಆಫ್ ಆಗುತ್ತದೆ. ಮುಚ್ಚಳ ಮಡಚಿ ನಿದ್ದೆಗೆ ಹೋದ ಲ್ಯಾಪ್‌ಟಾಪನ್ನು ಎಂದಿಗೂ ಬಿಚ್ಚಬೇಡಿ. ನಿದ್ದೆಯಲ್ಲಿರುವಾಗಲೂ ರ‍್ಯಾಮಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಹಾಗಿರುವಾಗ ಸ್ಟಿಕ್ ಎಳೆದರೆ ಅಥವಾ ತುರುಕಿದರೆ ಸುಟ್ಟುಹೋಗುವ ಅಪಾಯವಿದೆ.

ಚಾರ್ಜರ್ ತೆಗೆಯಿರಿ. ತಳದ ಸ್ಕ್ರೂಗಳು ಬೇರೆ ಬೇರೆ ಉದ್ದದವು. ಬಿಚ್ಚಿದ ಜಾಗದ ಅಂದಾಜಿನಲ್ಲೇ ಒಂದು ಹಾಳೆಯ ಮೇಲೆ ಜೋಡಿಸಿಡಿ. ಚಿಕ್ಕದಿರಬೇಕಾದ ಕಡೆ ಉದ್ದದ ಸ್ಕ್ರೂ ಹಾಕಿದರೆ ಮೇಲಿನ ಕವಚಕ್ಕೋ ಬೋರ್ಡಿಗೋ ಚುಚ್ಚಿಕೊಳ್ಳುತ್ತದೆ. ಮುಚ್ಚಳ ಬರುತ್ತಿಲ್ಲವೆಂದರೆ ಮೀಟಬೇಡಿ, ರಬ್ಬರ್ ಪಾದಗಳ ಕೆಳಗೆ ಇನ್ನೊಂದು ಸ್ಕ್ರೂ ಅಡಗಿರಬಹುದು. ಲೋಹದ ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ ಪಟ್ಟಿಯಿಂದ ಕೊಂಡಿಗಳನ್ನು ಬಿಡಿಸಿ.

ಮುಚ್ಚಳ ತೆಗೆದ ತಕ್ಷಣದ ಕೆಲಸ ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸುವುದು. ತಂತಿ ಹಿಡಿದು ಎಳೆಯದೆ ಕನೆಕ್ಟರನ್ನೇ ಹಿಡಿದು ಬಿಡಿಸಿ. ಕೆಲವು ಮಾಡೆಲ್‌ಗಳ ಬಯೋಸ್‌ನಲ್ಲಿ ಒಳಬ್ಯಾಟರಿ ನಿಷ್ಕ್ರಿಯಗೊಳಿಸುವ ಆಯ್ಕೆ ಇರುತ್ತದೆ, ಅದಿದ್ದರೆ ಮೊದಲೇ ಬಳಸಿಕೊಳ್ಳಿ. ಆಮೇಲೆ ಪವರ್ ಬಟನ್ನನ್ನು 15–20 ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿಯುತ್ತದೆ. ಬಣ್ಣವಿಲ್ಲದ ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಸ್ಟಿಕ್ಕನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಿರಿ.

ಕೂರಿಸುವುದು

ಹೊಸದು ಹಳೆಯದು ಎರಡನ್ನೂ ತೆಗೆಯಿರಿ. ಸ್ಲಾಟಿನ ಎರಡೂ ಬದಿಯ ಲೋಹದ ತೋಳುಗಳನ್ನು ಒಟ್ಟಿಗೆ ಹೊರಕ್ಕೆ ಸರಿಸಿದರೆ ಸ್ಟಿಕ್ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲೇ ಹೊರಕ್ಕೆಳೆಯಿರಿ. ಬೆಳಕಿಗೆ ಹಿಡಿದು ಚಿನ್ನದ ಅಂಚನ್ನು ನೋಡಿ. ಬೆರಳ ಗುರುತೋ ಮಸುಕೋ ಕಂಡರೆ ನಾರು ಬಿಡದ ಬಟ್ಟೆಗೆ ಶೇಕಡಾ 90ಕ್ಕಿಂತ ಹೆಚ್ಚು ಶುದ್ಧತೆಯ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಪೂರ್ತಿ ಆರಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಬಹಳ ಕಡೆ ಇದೆ. ನನ್ನ ಸಲಹೆ ಬೇಡ ಅಂತಲೇ: ಚಿನ್ನದ ಲೇಪ ಬಹಳ ತೆಳು, ರಬ್ಬರಿನ ಪುಡಿ ಹೋಗಿ ಸ್ಲಾಟಿನಲ್ಲಿ ಕೂತರೆ ಇನ್ನೊಂದು ತೊಂದರೆ. ಸ್ಲಾಟಿಗೆ ಬಾಯಿಂದ ಊದಬೇಡಿ, ಉಗುಳಿನ ಹನಿ ಹೋಗುತ್ತದೆ. ಗಾಳಿಯ ಡಬ್ಬಿಯನ್ನು ನೆಟ್ಟಗೆ ಹಿಡಿದು ಊದಿ. ಟಾರ್ಚ್ ಬಿಟ್ಟು ಫೋನ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೆ ಪಿನ್‌ಗಳ ಸಾಲು ಬಾಚಣಿಗೆಯ ಹಲ್ಲುಗಳಂತೆ ಸಮವಾಗಿ ಕಾಣಬೇಕು. ಒಂದು ಹಲ್ಲು ಬಾಗಿದ್ದರೆ, ತಗ್ಗಿದ್ದರೆ ಅಲ್ಲೇ ಉತ್ತರ ಸಿಕ್ಕಂತೆ.

ಈಗ ಕೂರಿಸಿ. ಕಚ್ಚು ಸ್ಲಾಟಿನ ಗೂಟಕ್ಕೆ ಸರಿಹೊಂದುವಂತೆ ಹಿಡಿದು, ಸುಮಾರು 30 ಡಿಗ್ರಿ ಓರೆಯಲ್ಲಿ ಒಳಕ್ಕೆ ತಳ್ಳಿ. ಎರಡೂ ಹೆಬ್ಬೆರಳಿನ ಒತ್ತಡ ಎರಡೂ ಕಡೆ ಸಮವಾಗಿರಲಿ. ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಚಿನ್ನದ ಪಟ್ಟಿಯನ್ನು: ಅದು ಹೆಚ್ಚುಕಡಿಮೆ ಮರೆಯಾಗಿ, ಉಳಿದರೆ ಕೂದಲೆಳೆಯಷ್ಟು ಗೆರೆ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ ಕಾಣಬೇಕು. ಒಂದು ಮೂಲೆಯಲ್ಲಿ ಚಿನ್ನ ಹೆಚ್ಚು ಕಾಣುತ್ತಿದೆ ಅಂದರೆ ಸ್ಟಿಕ್ ಸೊಟ್ಟಗಿದೆ. ನೀವು ಹೇಳಿದ ಲಕ್ಷಣಗಳು ಹುಟ್ಟುವುದು ಬಹಳ ಸಲ ಇಷ್ಟರಲ್ಲೇ. ಒಳಕ್ಕೆ ಪೂರ್ತಿ ಹೋಗುವ ಮುಂಚೆ ಕೆಳಕ್ಕೆ ಅದುಮುವುದು ಅತಿ ಸಾಮಾನ್ಯ ತಪ್ಪು. ಹಾಗೆ ಮಾಡಿದಾಗ ಒಂದು ತೋಳು ಹಿಡಿದುಕೊಳ್ಳುತ್ತದೆ, ಇನ್ನೊಂದು ಅಂಚಿನ ಮೇಲೇ ನಿಲ್ಲುತ್ತದೆ. ಪೂರ್ತಿ ಒಳಗೆ ಹೋದ ಮೇಲೆ ಮಾತ್ರ ಕೆಳಕ್ಕೆ ಒತ್ತಿ. ಎರಡೂ ತೋಳು ಟಕ್ಕೆಂದು ಬಂದು, ಸ್ಟಿಕ್ಕಿನ ಬದಿಯಲ್ಲಿರುವ ಅರ್ಧಚಂದ್ರಾಕಾರದ ಕಚ್ಚಿನಲ್ಲಿ ಕೂತಿವೆಯೇ ಎಂದು ಒಂದೊಂದಾಗಿ ನೋಡಿ. ಹೊಸ ಲ್ಯಾಪ್‌ಟಾಪಿನ ಸ್ಲಾಟ್ ನಿರೀಕ್ಷೆಗಿಂತ ಬಿಗಿಯಾಗಿರುತ್ತದೆ. ಗಟ್ಟಿಯಾಗಿ, ನಿಧಾನವಾಗಿ ತಳ್ಳಬೇಕಾಗುತ್ತದೆ. ಕಚ್ಚು ಸರಿಹೊಂದಿದ್ದರೆ ಭಯ ಬೇಡ. ದಪ್ಪ ಲೋಹದ ಹೊದಿಕೆ ಇರುವ ಸ್ಟಿಕ್ ಆಗಿದ್ದರೆ ತಳದ ಮುಚ್ಚಳ ಅದನ್ನು ಒತ್ತುತ್ತಿಲ್ಲವೇ ನೋಡಿ. ಮುಚ್ಚಳ ತೆಗೆದಿಟ್ಟಾಗ ಸರಿಯಿದ್ದು ಹಾಕಿದಾಗ ಕೆಡುವುದಕ್ಕೆ ಅದೇ ಕಾರಣ.

ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆ ನೋಡಿ ತಕ್ಷಣ ಆಫ್ ಮಾಡಬೇಡಿ. ಹೊಸ ಮೆಮೊರಿ ಕಂಡಾಗ ಬಯೋಸ್ ಪ್ರತಿ ಗೆರೆಯ ಸಮಯವನ್ನು ಅಳೆದು ಹೊಂದಿಸಿಕೊಳ್ಳುತ್ತದೆ, ನಡುವೆ ತಾನೇ ಒಂದೆರಡು ಸಲ ರೀಸ್ಟಾರ್ಟ್ ಆಗಬಹುದು. ಡಿಡಿಆರ್4ಗೆ ಒಂದೆರಡು ನಿಮಿಷ ಕೊಡಿ. ಡಿಡಿಆರ್5ಗೆ ಇನ್ನೂ ಹಲವು ನಿಮಿಷ ಹಿಡಿಯುವುದುಂಟು. ಚಾರ್ಜರ್ ಹಾಕಿಯೇ ಕಾಯಿರಿ. ಆಮೇಲೂ ಪರದೆ ಬರದೆ ದೀಪ ಮಿನುಗುತ್ತಿದ್ದರೆ ಆ ಮಿನುಗನ್ನು ಎಣಿಸಿ. ಡೆಲ್‌ನ ಹಲವು ಮಾಡೆಲ್‌ಗಳಲ್ಲಿ ಎರಡು ಸಲ ಕಿತ್ತಳೆ, ಮೂರು ಸಲ ಬಿಳಿ ಮಿನುಗಿದರೆ ರ‍್ಯಾಮ್ ಪತ್ತೆಯಾಗಿಲ್ಲ ಎಂದರ್ಥ. ಎರಡು ಕಿತ್ತಳೆ, ನಾಲ್ಕು ಬಿಳಿ ಆದರೆ ರ‍್ಯಾಮ್ ವೈಫಲ್ಯ. ಬೇರೆ ಕಂಪನಿಗಳ ಸಂಕೇತ ಬೇರೆ, ನಿಮ್ಮ ಮಾಡೆಲ್ಲಿನ ಸರ್ವಿಸ್ ಕೈಪಿಡಿಯಲ್ಲಿ ಸಿಗುತ್ತದೆ.

ಅದಲುಬದಲು ಪರೀಕ್ಷೆ

ಇಷ್ಟಾದ ಮೇಲೂ ತೊಂದರೆ ಉಳಿದರೆ ಆಗ ಅಪರಾಧಿಯನ್ನು ಹುಡುಕಬೇಕು. ಎರಡು ಸ್ಟಿಕ್, ಎರಡು ಸ್ಲಾಟ್. ಒಂದು ಸಲಕ್ಕೆ ಒಂದೇ ಸ್ಟಿಕ್. ಹಳೆಯದು ಹಳೆಯ ಸ್ಲಾಟಿನಲ್ಲಿ ಸರಿಯಿದೆ ಎಂದು ನಿಮಗೆ ಗೊತ್ತಿದೆ. ಹಾಗಾಗಿ ಮೊದಲು ಹೊಸದನ್ನು ಹಳೆಯ ಸ್ಲಾಟಿಗೆ ಹಾಕಿ, ಆಮೇಲೆ ಹಳೆಯದನ್ನು ಖಾಲಿಯಿದ್ದ ಸ್ಲಾಟಿಗೆ ಹಾಕಿ. ಹೊಸದು ಹಳೆಯ ಸ್ಲಾಟಿನಲ್ಲೂ ಕೈಕೊಟ್ಟರೆ ತಪ್ಪು ಸ್ಟಿಕ್ಕಿನದು, ಇಲ್ಲವೇ ಆ ಸ್ಟಿಕ್ ನಿಮ್ಮ ಬೋರ್ಡಿಗೆ ಒಗ್ಗುತ್ತಿಲ್ಲ. ಹಳೆಯದು ಖಾಲಿ ಸ್ಲಾಟಿನಲ್ಲಿ ಕೈಕೊಟ್ಟರೆ ತಪ್ಪು ಸ್ಲಾಟಿನದು. ಆದರೆ ಕೆಲವು ಮಾಡೆಲ್‌ಗಳು ಮೊದಲ ಸ್ಲಾಟ್ ಖಾಲಿ ಬಿಟ್ಟರೆ ಆನ್ ಆಗುವುದೇ ಇಲ್ಲ, ತೀರ್ಪು ಕೊಡುವ ಮುಂಚೆ ಕೈಪಿಡಿಯಲ್ಲಿ ಅದನ್ನೊಮ್ಮೆ ನೋಡಿಕೊಳ್ಳಿ. ಒಂಟಿಯಾಗಿ ಎಲ್ಲ ಕಡೆ ಸರಿಯಿದ್ದು ಎರಡೂ ಸೇರಿದಾಗ ಮಾತ್ರ ಕೆಡುತ್ತಿದ್ದರೆ ಎರಡರ ಹೊಂದಾಣಿಕೆಯ ಪ್ರಶ್ನೆ.

ಪ್ರತಿ ಜೋಡಣೆಯಲ್ಲೂ ವಿಂಡೋಸ್ ಬಂದರೆ ಸಾಲದು. ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ ಓಡಿಸಿ. ಪೆನ್‌ಡ್ರೈವಿನಿಂದ ಬೂಟ್ ಆಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಬೇಕಾಗಬಹುದು. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ಅದಕ್ಕೂ ಮುಂಚೆ ರಿಕವರಿ ಕೀಲಿಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮದೇ ಡಿಸ್ಕ್ ನಿಮಗೆ ಬಾಗಿಲು ಹಾಕುತ್ತದೆ. ನಾಲ್ಕು ಸುತ್ತು ಪೂರ್ತಿಯಾಗಲಿ, ರಾತ್ರಿ ಹಚ್ಚಿ ಮಲಗುವುದು ಅನುಕೂಲ. ಇಲ್ಲಿ ತೇರ್ಗಡೆ ಅಂದರೆ ಸೊನ್ನೆ ದೋಷ. ಒಂದೇ ಒಂದು ಬಂದಿದೆಯಲ್ಲ ಎಂದು ಬಿಡಬೇಡಿ, ಒಂದು ಬಂದರೂ ಅನುತ್ತೀರ್ಣ. ವಿಂಡೋಸ್‌ನೊಳಗಿನ ಮೆಮೊರಿ ಡಯಾಗ್ನೋಸ್ಟಿಕ್ ಬೇಗ ಮುಗಿಯುತ್ತದೆ, ಆದರೆ ನಿಮ್ಮಂಥ ಬಂದುಹೋಗುವ ದೋಷವನ್ನು ಹಿಡಿಯಲು ಅದನ್ನೇ ನೆಚ್ಚಿಕೊಳ್ಳಬೇಡಿ.

8 ಜಿಬಿಯೇ ತೋರಿಸುವ ಸಮಸ್ಯೆ ಮತ್ತೆ ಬಂದರೆ ವಿಂಡೋಸ್ ನೋಡುವ ಮುಂಚೆ ಬಯೋಸ್ ನೋಡಿ. ಬಯೋಸ್‌ನಲ್ಲೂ 8 ಇದ್ದರೆ ಸಂಪರ್ಕ ಅಥವಾ ಸ್ಲಾಟ್. ಬಯೋಸ್‌ನಲ್ಲಿ 16 ಇದ್ದು ವಿಂಡೋಸ್‌ನಲ್ಲಿ ಕಡಿಮೆಯಿದ್ದರೆ, ಸಿಸ್ಟಂ ಕಾನ್ಫಿಗರೇಶನ್‌ನ ಬೂಟ್ ವಿಭಾಗದಲ್ಲಿ ಸುಧಾರಿತ ಆಯ್ಕೆಗಳನ್ನು ತೆರೆದು 'ಗರಿಷ್ಠ ಮೆಮೊರಿ' ಎಂಬ ಚೌಕದಲ್ಲಿ ಟಿಕ್ ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. 16ರಲ್ಲಿ 15.8 ಜಿಬಿ ಬಳಕೆಗೆ ಲಭ್ಯ ಎಂದು ಬಂದರೆ ಅದು ಸಹಜ. ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇರುವ ಕೆಲವು ಯಂತ್ರಗಳಲ್ಲಿ ಅದು 2 ಜಿಬಿಯಷ್ಟನ್ನು ಎತ್ತಿಟ್ಟುಕೊಂಡು 14 ಜಿಬಿ ಆಸುಪಾಸು ಕಾಣುವುದೂ ಇದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಹಾರ್ಡ್‌ವೇರ್‌ಗೆ ಮೀಸಲಾದದ್ದು ಎಷ್ಟು ಎಂದು ಬರೆದಿರುತ್ತದೆ.

ಎರಡೂ ಸೇರಿದಾಗ ಮಾತ್ರ ದೋಷ ಬಂದರೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಹಳೆಯ ಸ್ಟಿಕ್ ಒಂದರಲ್ಲೇ, ಚಾರ್ಜರ್ ಹಾಕಿ, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿ. ಹೊಸ ಸಾಂದ್ರತೆಯ ಚಿಪ್‌ಗಳನ್ನು ಹಳೆಯ ಬಯೋಸ್ ಗುರುತಿಸದಿರುವುದುಂಟು. ಆಮೇಲೆ ಬಯೋಸ್ ಸೆಟ್ಟಿಂಗನ್ನು ಡೀಫಾಲ್ಟ್‌ಗೆ ತನ್ನಿ. ಅದಕ್ಕೂ ಬಗ್ಗದಿದ್ದರೆ ಒಂದೇ ಪೆಟ್ಟಿಗೆಯಲ್ಲಿ ಬರುವ ಜೋಡಿ ಸ್ಟಿಕ್‌ಗಳಿಗೆ ಬದಲಾಯಿಸಿಕೊಳ್ಳುವುದು ಮೇಲು.

ಸ್ಟಿಕ್ಕೇ ಕೆಟ್ಟಿದೆ ಎಂದು ಗೊತ್ತಾದರೆ ಮೆಮ್‌ಟೆಸ್ಟಿನ ದೋಷವಿರುವ ಪರದೆಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಆ ಸ್ಟಿಕ್ ಇದ್ದಷ್ಟು ದಿನ ಬಳಸಿದ ವಿಂಡೋಸನ್ನೂ ಒಮ್ಮೆ ತಪಾಸಣೆ ಮಾಡಿಸಿ: ಡಿಸ್ಕ್ ತಪಾಸಿಸುವ ಚೆಕ್‌ಡಿಸ್ಕ್ ಮತ್ತು ವಿಂಡೋಸ್‌ನ ಕಡತಗಳನ್ನು ತಪಾಸಿಸುವ ಸಿಸ್ಟಂ ಫೈಲ್ ಚೆಕರ್ ಎರಡನ್ನೂ ಓಡಿಸಿ. ಸ್ಲಾಟ್ ಕೆಟ್ಟಿದ್ದು ಪಿನ್ ಬಾಗಿರುವುದು ಕಂಡರೆ ಸೂಜಿಯಿಂದ ನೀವೇ ಎತ್ತಲು ಹೋಗಬೇಡಿ. ಸೂಕ್ಷ್ಮದರ್ಶಕ ಇಟ್ಟುಕೊಂಡು ಬೋರ್ಡ್ ರಿಪೇರಿ ಮಾಡುವವರು ಅದನ್ನು ಸರಿಪಡಿಸಬಹುದು, ಇಲ್ಲವೇ ಸ್ಲಾಟನ್ನೇ ಬದಲಿಸಬಹುದು. ಆ ಖರ್ಚು ಬೇಡವೆಂದರೆ, ಕೈಪಿಡಿಯ ಪ್ರಕಾರ ಒಂದು ಸ್ಲಾಟಿಗೆ 16 ಜಿಬಿ ಒಪ್ಪಿಗೆಯಿದೆಯೇ ನೋಡಿ, ಹೊಸ 8 ಜಿಬಿಯ ಬದಲು ಒಂದೇ 16 ಜಿಬಿ ಸ್ಟಿಕ್ ತೆಗೆದುಕೊಂಡು ಸರಿಯಿರುವ ಸ್ಲಾಟಿಗೆ ಹಾಕಿ. ಎರಡು ಚಾನೆಲ್ (ಎರಡು ಸ್ಟಿಕ್‌ಗಳಿಂದ ಒಟ್ಟಿಗೆ ದತ್ತಾಂಶ ಹರಿಯುವ ದಾರಿ) ಸಿಗದ ಕಾರಣ ಗೇಮ್‌ಗಳಲ್ಲಿ, ವಿಡಿಯೊ ಎಡಿಟಿಂಗ್‌ನಲ್ಲಿ ಗ್ರಾಫಿಕ್ಸ್ ವೇಗ ಕಡಿಮೆಯಾಗುತ್ತದೆ. ಬರವಣಿಗೆ, ಬ್ರೌಸರ್, ಲೆಕ್ಕಪತ್ರದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ.